ಹೆಬ್ಬೆರಳಿನ ಅಳತೆ

ಒಂದು ಹಾಕು, ಒಂದು ಬಿಡು, ಅಂದಳು ಬಿಬಿಯಾನೆ.
ಅವಳ ಒಂದು ಕಣ್ಣಿಗೆ ಬಿಳಿ ಪಟ್ಟಿ,
ಇನ್ನೊಂದು ಕಣ್ಣು ಸೂಜಿಯ ಮೇಲೆ.
ಇಲುಲಿಸಾಟ್ ಆಸ್ಪತ್ರೆಯ ಅತಿಥಿಗೃಹ, ಹಿಂದಿನ ಕೋಣೆ.
ಕಿಟಕಿಯಾಚೆ ಮಂಜು, ಮಂಜಿನಾಚೆ
ನೀರ್ಗಲ್ಲ ಗುಡ್ಡಗಳು ಸೀಳುವ ಸದ್ದು ಮಾತ್ರ.

ನನ್ನೂರಲ್ಲಿ ಹೆರಿಗೆ ಮಾಡಿಸುವವರಿಲ್ಲ.
ಐವತ್ತು ಜನ, ಅದಕ್ಕಿಂತ ಹೆಚ್ಚು ನಾಯಿ, ಒಂದು ಅಂಗಡಿ.
ದಿನ ತುಂಬುವುದಕ್ಕೆ ನಾಲ್ಕು ವಾರ ಮೊದಲೇ
ಹೆಲಿಕಾಪ್ಟರಿನಲ್ಲಿ ಕೂರಿಸಿ ಕಳಿಸುತ್ತಾರೆ
ಹೊಟ್ಟೆಯನ್ನು, ಅದರ ಜೊತೆಗೆ ನನ್ನನ್ನೂ.
ಇನುತೆಕ್ ಬರಲಿಲ್ಲ, ಹಾಲಿಬಟ್ ಮೀನಿನ ಕಾಲ.
ದಿನಾ ಸಂಜೆ ಫೋನು: ಬಂತಾ?
ಬಂದರೆ ಹೇಳದೆ ಇಟ್ಟುಕೊಳ್ತೀನಾ?

ಬರೀ ಕಾಯುವವರ ಕೈ ಕೆಡುತ್ತದೆ ಎಂದು
ಬೆಣ್ಣೆ ಡಬ್ಬಿಯ ಮುಚ್ಚಳಕ್ಕೆ ಮಣಿ ಸುರಿದಳು ಮುದುಕಿ,
ಮೀನಿನ ಮೊಟ್ಟೆಯಷ್ಟೇ ಗಾತ್ರ.
ಸೀಲಿನ ಈಲಿಯ ಕಪ್ಪುಗೆಂಪು, ಸೀಮೆಎಣ್ಣೆ ಡ್ರಮ್ಮಿನ ನೀಲಿ,
ಇನ್ನೊಂದಕ್ಕೆ ಹೆಸರಿಲ್ಲ, ಮಾರ್ಚ್ ತಿಂಗಳ ಬೆಳಿಗ್ಗೆ
ಹೆಪ್ಪುಗಟ್ಟಿದ ಕಡಲ ಮೇಲೆ ಇರುತ್ತಲ್ಲ, ಅದು.
ಗಾಜು ಹಡಗಿನಲ್ಲಿ ಬರುವ ಮೊದಲು
ಸಣ್ಣ ಮೀನಿನ ಬೆನ್ನುಮೂಳೆಯನ್ನೇ ಪೋಣಿಸುತ್ತಿದ್ದರಂತೆ.
ಅದಕ್ಕೆ ತೂತು ದೇವರೇ ಕೊರೆದು ಕೊಟ್ಟಿರುತ್ತಾನೆ.

ಅಡ್ಡಕ್ಕೆ ಒಂಬತ್ತು ಮಣಿ. ಎಂಟು ಯಾಕಾಗಬಾರದು?
ಎಂಟಾದರೆ ತಿರುವು ಸಲೀಸು, ನಡು ಇರುವುದಿಲ್ಲ.
ಬೆಸದಲ್ಲಿ ನಡುವೆ ಒಂದು ಗೆರೆ ಸಿಗುತ್ತದೆ,
ಅದರ ಬೆಲೆ ಅಂಚಿನಲ್ಲಿ ಕಟ್ಟಬೇಕು:
ಸೂಜಿ ಹಿಂದಕ್ಕೆ ಹೋಗಿ, ನುಸುಳಿ, ಸುತ್ತು ಹಾಕಿ
ಬಂದ ಮಣಿಯನ್ನೇ ಮತ್ತೆ ದಾಟಿ ಹೊರಗೆ.
ಎರಡು ಸಾಲಿಗೊಮ್ಮೆ ಈ ಸರ್ಕಸ್ಸು.
ಮೂರು ಸಲ ದಾರ ಸಿಕ್ಕಾಯಿತು. ಹಲ್ಲಿನಲ್ಲಿ ಬಿಡಿಸಿದೆ.

ಆಮೇಲೆ ಅಳತೆಯ ಪ್ರಶ್ನೆ.
ಮಣಿಕಟ್ಟು ಇನ್ನೂ ಹೊಟ್ಟೆಯೊಳಗಿದೆ,
ಮಣಿ ಕಟ್ಟುವುದು ಎಷ್ಟು ಉದ್ದಕ್ಕೆ?
ಬಿಬಿಯಾನೆ ತನ್ನ ಹೆಬ್ಬೆರಳು ಎತ್ತಿ ಹಿಡಿದಳು,
ಉಗುರು ಸೀಳಿದ್ದು, ತೊಗಲು ಹದ ಮಾಡಿ ಮಾಡಿ ದಪ್ಪಗಾದದ್ದು.
ಹನ್ನೊಂದು ಹೆತ್ತೆ, ಎಂಟು ಉಳಿದವು,
ಎಲ್ಲಕ್ಕೂ ಕೈ ಇಷ್ಟೇ ಇತ್ತು. ಸುತ್ತು.
ಅವಳೂರು ಇನ್ನೂ ಉತ್ತರಕ್ಕೆ, ಕುಲ್ಲೊರ್ಸುವಾಕ್.
ಆ ಹೆಸರಿಗೆ ದೊಡ್ಡ ಹೆಬ್ಬೆರಳು ಅಂತಲೇ ಅರ್ಥ.
ಹೇಳಿ ತಾನೇ ನಕ್ಕಳು, ಕಣ್ಣಪಟ್ಟಿ ಜಾರುವಷ್ಟು.

ಇಪ್ಪತ್ತನೇ ಸಾಲಿನಲ್ಲಿ ಒಂದರ ಜಾಗಕ್ಕೆ ಎರಡು ಕೆಂಪು.
ಗೊತ್ತಾದದ್ದು ಇಪ್ಪತ್ತಾರಕ್ಕೆ ಬಂದ ಮೇಲೆ.
ಬಿಚ್ಚಲು ಹೊರಟೆ. ಕೈ ಹಿಡಿದಳು.
ಇಕ್ಕುಳ ತಗೊಂಡು, ದಾರಕ್ಕೆ ತಾಗದ ಹಾಗೆ,
ಆ ಒಂದನ್ನು ಮಾತ್ರ ಚಿಟ್ಟೆಂದು ಒಡೆದಳು.
ಸಾಲುಗಳು ಸರಿದು ಕೂತವು, ಏನೂ ಆಗದವರ ಹಾಗೆ.
ಅವಳು ಮಾತ್ರ ತುಂಬ ಹೊತ್ತು
ಹೊದಿಕೆ ಮೇಲಿನ ಕೆಂಪು ಪುಡಿಯನ್ನು
ಬೆರಳಿಗೆ ಒತ್ತಿ ಒತ್ತಿ ಎತ್ತುತ್ತಿದ್ದಳು.

ಬುಧವಾರ ರಾತ್ರಿ ಎರಡು ಅಂಚು ಕೂಡಿಸಿದೆವು.
ಹಲ್ಲಿಗೆ ಹಲ್ಲು ಕೂತಿತು, ಜಿಪ್ಪಿನ ಹಾಗೆ.
ಬೆಳಿಗ್ಗೆ ತೆಗೆದರಾಯಿತು ಎಂದು
ಬೆರಳಲ್ಲೇ ಇಟ್ಟುಕೊಂಡು ಮಲಗಿದಳು.

ಗುರುವಾರ ಮಂಜು ಹೇಳದೆ ಕೇಳದೆ ಎದ್ದು ಹೋಗಿತ್ತು.
ವಿಮಾನ ಇದೆಯಾ? ಇಮ್ಮಕ, ಎಂದರು.
ನಮ್ಮಲ್ಲಿ ಎಲ್ಲದಕ್ಕೂ ಅದೇ ಉತ್ತರ, ಇದ್ದರೂ ಇರಬಹುದು.
ಹತ್ತು ನಿಮಿಷದಲ್ಲಿ ಬೂಟು, ಚೀಲ, ಟ್ಯಾಕ್ಸಿ.
ಕೆನ್ನೆಗೆ ಮೂಗು ಒತ್ತಿ, ಮೂಸಿ, ಹೊರಟೇಬಿಟ್ಟಳು.
ಟ್ಯಾಕ್ಸಿ ತಿರುವಿನಲ್ಲಿ ಮರೆಯಾಗುವಾಗ
ಕಿಟಕಿಯಲ್ಲಿ ಬೀಸುತ್ತಿದ್ದ ಕೈ ಕಂಡಿತು,
ಹೆಬ್ಬೆರಳಿಗೆ ನನ್ನ ಮಗುವಿನ ಬಳೆ.

ಸಂಜೆ ಫೋನು: ಬಂತಾ?
ಇಲ್ಲ, ಹೋಯಿತು, ಅಂದೆ.
ಆ ಕಡೆ ಉಸಿರು ನಿಂತದ್ದು ಕೇಳಿಸಿತು.
ಬಳೆ ಕಣೋ, ಬಳೆ.

ಈಗ ರಾತ್ರಿ. ನಾಯಿಗಳು ಸರದಿಯ ಮೇಲೆ ಊಳಿಡುತ್ತಿವೆ.
ನನ್ನ ಹೆಬ್ಬೆರಳು ತೆಳು; ಬಟ್ಟೆ ಸುತ್ತಿದೆ,
ಒಂದು ಸುತ್ತು, ಇನ್ನೊಂದು, ಅವಳದಷ್ಟು ದಪ್ಪ ಬರುವ ತನಕ.
ನಡುಗೆರೆಗೆ ಆ ಹೆಸರಿಲ್ಲದ ಬಣ್ಣ.
ಒಂದು ಹಾಕು.
ಒಳಗಿನಿಂದ ಒದೆತ. ಸೂಜಿ ತಪ್ಪಿತು.
ಒಂದು ಬಿಡು.