ಷರಾ

ರಿಜಿಸ್ಟರಿನಲ್ಲಿ ಐದೇ ಅಂಕಣ:
ತಾರೀಕು, ಗಂಟೆ, ಕೊಳದ ನಂಬರು, ಡಿಗ್ರಿ,
ಕೊನೆಗೆ ಹೆಬ್ಬೆಟ್ಟಿನಷ್ಟು ಜಾಗ, ಷರಾ.

ಜನವರಿ ಒಂಬತ್ತು. ಬೆಳಿಗ್ಗೆ ಆರೂವರೆ. ಮೂರನೇ ಕೊಳ.
ದಾರ ಕಟ್ಟಿದ ಥರ್ಮಾಮೀಟರು ಇಳಿಬಿಟ್ಟು
ನೂರು ಎಣಿಸಿ ಎತ್ತಿದೆ.
ಹತ್ತೊಂಬತ್ತು.
ಭದ್ರಾ ಅಣೆಕಟ್ಟಿನ ಕೆಳಗೆ ಮಂಜು ಇನ್ನೂ ಮಲಗಿತ್ತು.
ಬೆರಳು ಸೆಟೆದು, ಪೆನ್ನು ಹಿಡಿಯುವ ಮೊದಲು
ಕಂಕುಳಲ್ಲಿಟ್ಟು ಕಾಯಿಸಿಕೊಂಡೆ.

ಮೈಲಾರಪ್ಪ ಬಲೆ ಬೀಸಿದ.
ಏಳು ಮೃಗಾಲ್, ಎರಡು ಗೆಂಡೆ.
ನಾಲ್ಕರ ಪಕ್ಕೆಯಲ್ಲಿ ಬೀಡಿ ತಾಗಿಸಿದ ಹಾಗೆ
ಕೆಂಪು ಬೊಟ್ಟು.
"ಚಳಿಹುಣ್ಣು, ಶಕೀಲಮ್ಮ.
ಈ ಪೀಡೆ ಬೇಸಿಗೇಲೂ ನೀರಲ್ಲೇ ಇರ್ತದೆ.
ಆಗ ಮೀನಿಗೆ ಕೈ ಇರ್ತದೆ, ದಬ್ತದೆ.
ಈಗ ಕೈ ಮರಗಟ್ಟಿದೆ."

ಮೀನಿಗೆ ಕೈ!
ಅದಕ್ಕೆ ಅಂಕಣವಿಲ್ಲ.

ತರಬೇತಿಯಲ್ಲಿ ಹೇಳಿದ್ದರು, ನಾನು ಅರ್ಧ ತೂಕಡಿಸುತ್ತ ಕೇಳಿದ್ದೆ:
ಮೀನಿನ ರಕ್ತಕ್ಕೆ ಸ್ವಂತ ಕಾವಿಲ್ಲ,
ನೀರಿನ ಕಾವೇ ಅದರ ಕಾವು.
ನೀರು ತಣಿದರೆ ಹಸಿವು ತಣಿಯುತ್ತದೆ,
ಹಗೆಯನ್ನು ಗುರುತಿಸುವ ನೆನಪೂ ನಿಧಾನವಾಗುತ್ತದೆ.
ಬೂಷ್ಟಿಗೆ ಮಾತ್ರ ಅದೇ ಹಬ್ಬ.

ಹೋದ ವಾರ ಮಗಳು ಜೋಹರಾಗೆ ನೂರಾ ಎರಡು.
ಹಣೆ ಮುಟ್ಟಿದರೆ ರೊಟ್ಟಿ ಹಂಚು.
ಅವಳೊಳಗೆ ಯಾರೋ ಒಲೆ ಹಚ್ಚಿ
ಕರೆಯದೆ ಬಂದವರನ್ನು ಹೊಗೆ ಹಾಕಿ ಓಡಿಸುತ್ತಿದ್ದರು;
ಗೊತ್ತಾಗದೆ ನಾನು ರಾತ್ರಿಯಿಡೀ
ಒದ್ದೆ ಬಟ್ಟೆ ಹಿಂಡಿ ಆ ಒಲೆಗೇ ನೀರು ಹೊಯ್ದೆ.
ಮೀನಿಗೆ ಒಲೆಯಿಲ್ಲ.

ಮಧ್ಯಾಹ್ನ ಒಂದಕ್ಕೆ ನೋಡಿದರೆ ನಡುಗೊಳ ಖಾಲಿ.
ಈಶಾನ್ಯದ ಮೂಲೆ, ಎಮ್ಮೆ ತುಳಿದು ಏರಿ ಕುಸಿದ ಕಡೆ,
ಕಪ್ಪು ಕೆಸರು, ಮೊಣಕಾಲು ಮುಳುಗದ ನೀರು,
ಅಲ್ಲಿ ಬೆನ್ನಿಗೆ ಬೆನ್ನು ಒತ್ತಿಕೊಂಡು ನಿಂತಿದ್ದವು,
ಬೊಟ್ಟಿನವೇ ಹೆಚ್ಚು.
ಸಾಹೇಬರಿಗೆ ಫೋನು ಮಾಡಿದೆ.
"ಉಸಿರು ಕಟ್ಟಿ ಬಂದಿವೆ. ಕಾಲುವೆ ಗೇಟು ಎತ್ತು,
ಹೊಸ ನೀರು ಬಿಡು."

ಉಸಿರಿಗಾದರೆ ನಸುಕಿನಲ್ಲಿ ಬರಬೇಕು,
ಬಾಯಿ ಮೇಲೆ ಮಾಡಿ ಗುಟುಕರಿಸಬೇಕು.
ಇವು ಸುಮ್ಮನೆ,
ಜಗಲಿಯಲ್ಲಿ ಬಿಸಿಲು ಕಾಯಿಸುವ ಬಾಣಂತಿಯರ ಹಾಗೆ.

ಗೇಟಿನ ಹಿಡಿ ಹಿಡಿದೆ.
ಆಚೆ ಅಣೆಯ ಹೊಟ್ಟೆಯಿಂದ ಬಂದ, ಸೂರ್ಯನ ಮುಖ ಕಾಣದ ನೀರು:
ಹದಿನೆಂಟು.
ನಡುಗೊಳ ಇಪ್ಪತ್ತೊಂದು.
ಸೀರೆ ಎತ್ತಿ ಕಟ್ಟಿ ಮೂಲೆಗೆ ಇಳಿದೆ:
ಇಪ್ಪತ್ತಾರು.
ನನ್ನ ಮೀನಖಂಡಕ್ಕೆ ಮೀನು ತಾಗಿದವು,
ಹೆದರಿ ಸರಿಯಲಿಲ್ಲ.

ಜ್ವರ ಹುಡುಕಿಕೊಂಡು ಬಂದಿದ್ದವು.
ಮೈಯಲ್ಲಿಲ್ಲದ ಜ್ವರವನ್ನು ಬಿಸಿಲಿನ ಹತ್ತಿರ
ಕಡ ಕೇಳುತ್ತ, ಸಂಜೆಗೆ ಮರಳಿಸುವ ಕರಾರಿನ ಮೇಲೆ.

ಗೇಟು ಎತ್ತಲಿಲ್ಲ.
ನಾನು ದಿನಗೂಲಿ. ಎತ್ತುವುದು ನನ್ನ ಕೆಲಸ,
ಎತ್ತದಿರುವುದು ಅಲ್ಲ.
ಮೈಲಾರಪ್ಪ ಏನೂ ಕೇಳದೆ ಸುಣ್ಣ ಕದಡಿದ.

ಅರವತ್ತಮೂರು ಸತ್ತವು. ಎಣಿಸಿ ಹೂತೆವು.
ಉಳಿದವು ದಿನಾ ಒಂದಕ್ಕೆ ಮೂಲೆಗೆ ಬಂದವು,
ನಾಲ್ಕಕ್ಕೆ ಹೋದವು, ಕಚೇರಿಯವರಿಗಿಂತ ನಿಯತ್ತಾಗಿ.
ಹದಿನೆಂಟು ದಿನಕ್ಕೆ ಬಲೆಗೆ ಸಿಕ್ಕವುಗಳ ಪಕ್ಕೆ
ಹುರುಪೆಯಿಲ್ಲದೆ ಬೂದು, ನುಣುಪು.

ಹೊಳೆಹೊನ್ನೂರಿನ ವ್ಯಾಪಾರಿ ಬೆರಳಾಡಿಸಿ,
"ಕಲೆ ಇದೆ, ಕೆಜಿಗೆ ಹತ್ತು ಕಡಿಮೆ."
"ಗೆದ್ದ ಮೀನು ಮಾರಾಯ, ಹತ್ತು ಜಾಸ್ತಿ ಕೊಡು."
ಕೊಡಲಿಲ್ಲ.

ಒಂಬತ್ತನೇ ತಾರೀಕಿನ ಷರಾದಲ್ಲಿ
ನನ್ನ ಅಕ್ಷರ ಎರಡೇ ಪದ:
ಮೂಲೆ ಬಿಸಿ.
ಅದರ ಕೆಳಗೆ ಹಸಿರು ಶಾಯಿಯಲ್ಲಿ ಸಾಹೇಬರು ಕೇಳಿದ್ದಾರೆ:
ಯಾವ ಮೂಲೆ? ವಿವರಿಸಿ.