ಪಕ್ಕದವರಿಗೆ ಚುಕ್ಕೆಗೆರೆ

ನಕ್ಷೆಯಲ್ಲಿ ನಮ್ಮ ಕಟ್ಟಡಕ್ಕೆ ದಪ್ಪ ಗೆರೆ,
ಪಕ್ಕದವರಿಗೆ ಚುಕ್ಕೆಗೆರೆ. ಅದು ಕ್ರಮ.
ಇಪ್ಪತ್ತೆರಡು ವರ್ಷದಿಂದ ಹೀಗೇ ಎಳೆದಿದ್ದೇನೆ,
ಮೊದಲು ಪೆನ್ಸಿಲಿನಲ್ಲಿ, ಆಮೇಲೆ ಮೌಸ್ ಹಿಡಿದು.
ಇದ್ದವರು ಇಲ್ಲದವರ ಹಾಗೆ,
ಇನ್ನೂ ಇಲ್ಲದ್ದು ಇದ್ದ ಹಾಗೆ.

ಜೆಪ್ಪಿನ ಈ ಓಣಿಗೆ ಏಳು ಮಾಳಿಗೆ ಬರುವುದುಂಟು.
‘ಊರಿಗೆ ಹೊಂದಬೇಕು’ ಎಂದರು ಧನಿ.
ಹೊಂದುವುದೆಂದರೆ
ಎದುರಿನ ಗೋಡೆಗೆ ಅರ್ಧ ಇಂಚಿನ ಮುರಕಲ್ಲು ಅಂಟಿಸುವುದು,
ಕಾರು ನಿಲ್ಲುವ ಜಾಗದ ನೆತ್ತಿಗೆ
ಹಂಚಿನದೊಂದು ಟೋಪಿ.
ಅದರಡಿಗೆ ಕಾಂಕ್ರೀಟು; ಮಳೆ ತಡೆಯುವುದು ಅದೇ.
ಹಂಚಿಗೆ ಕೆಲಸವಿಲ್ಲ.

ಅಳೆಯಲು ಹೋದೆ. ಟೇಪಿನ ಆ ತುದಿ
ಬೂಬ ಮೇಸ್ತ್ರಿಯ ಕೈಯಲ್ಲಿ, ಈ ತುದಿ ನನ್ನಲ್ಲಿ.
ನಡುವೆ ಓಣಿ, ಹದಿನಾಲ್ಕು ಅಡಿ.
ಇದಿನಬ್ಬರ ಸೋಡಾ ಅಂಗಡಿಯ ಬಳಿ ಹನ್ನೊಂದೂವರೆ.
‘ನನ್ನ ಬೆಂಚು ಸೇರಿಸಿಯೋ, ಬಿಟ್ಟೋ?’ ಕೇಳಿದರು.
ಹೆನ್ರಿಯೆಟ್ಟಾ ಬಾಯಿ ಹೊಲಿಗೆ ಮೆಷಿನು ನಿಲ್ಲಿಸಿ
ಕಿಟಿಕಿಯಿಂದಲೇ ಹೇಳಿದರು:
‘ಮೂರು ಗಂಟೆಗೆ ಹೊಳೆಯ ಗಾಳಿ ಬರುತ್ತದೆ ಇಲ್ಲಿ.
ಅದನ್ನೂ ಬರೆದುಕೋ.’
ನನ್ನ ಪುಸ್ತಕದಲ್ಲಿ ಗಾಳಿಗೆ ಅಂಕಣವಿರಲಿಲ್ಲ.
ಅಂಚಿನಲ್ಲೊಂದು ಬಾಣ ಗೀಚಿದೆ.

ಹಳೆಯ ಕಾಂಪೌಂಡಿನ ಗೋಡೆ
ಕೆಡವಲಿಕ್ಕಿದ್ದದ್ದು. ಅಳೆಯಬೇಕೆಂದಿರಲಿಲ್ಲ.
ಆಗ ಬಂದಳು ಅಪ್ಪಿಯಕ್ಕ, ತಲೆಯ ಮೇಲೆ ಬೂತಾಯಿ.
ಗೋಡೆಯ ಪಕ್ಕ ನಿಂತು
ಮೊಣಕಾಲು ತುಸುವೇ ಬಗ್ಗಿಸಿ, ಕುತ್ತಿಗೆ ಒಂದಿಷ್ಟು ವಾಲಿಸಿದಳು.
ಬುಟ್ಟಿ ತಾನಾಗಿ ಗೋಡೆಗೆ ಸರಿಯಿತು.
ಯಾರ ಕೈಯೂ ಬೇಕಾಗಲಿಲ್ಲ.
ಸಿಂಬಿ ತೆಗೆದು ಬೆವರು ಒರೆಸಿ
‘ಲಿಂಬೆ ಸೋಡಾ ಒಂದು, ಉಪ್ಪು ಹಾಕಿ’ ಎಂದು ಕೂಗಿದಳು.
ಬೆಕ್ಕು ಎರಡು ಬಂದವು. ಪಾತ್ರೆ ಹಿಡಿದು ಬಾಯಿ ಬಂದರು.
ನೋಡನೋಡುತ್ತ ಓಣಿಯೆಲ್ಲ ಆ ಗೋಡೆಗೆ ಆತುಕೊಂಡಿತು.

ಅಳೆದೆ. ನಾಲ್ಕಡಿ ಐದಿಂಚು.
ಕಲ್ಲಿನ ನೆತ್ತಿ ಅಲ್ಲೊಂದೇ ಕಡೆ ನುಣುಪು,
ಮೀನಿನ ನೀರು ಕುಡಿದು ಕಪ್ಪು.
‘ಇವಳ ಅತ್ತೆಯೂ ಇಲ್ಲೇ ಇಳಿಸುತ್ತಿದ್ದದ್ದು’ ಎಂದ ಬೂಬ ಮೇಸ್ತ್ರಿ.
‘ಕಟ್ಟಿದವನಿಗೆ ಗೊತ್ತಿತ್ತೋ ಏನೋ.
ಇಲ್ಲ, ಕಲ್ಲು ಅಲ್ಲಿಗೇ ಮುಗಿದಿರಬೇಕು ಮಾರಾಯ.’

ನಕ್ಷೆಯಲ್ಲಿ ಹೊಸ ಗೋಡೆ ಏಳಡಿ, ಮೇಲೆ ಉಕ್ಕಿನ ಭರ್ಚಿ.
ರಾತ್ರಿ ಕಚೇರಿಯಲ್ಲಿ ಒಬ್ಬನೇ ಕೂತು
ಗೇಟಿನ ಬಲಕ್ಕೆ ಐದಡಿ ಉದ್ದಕ್ಕೆ
ಅದನ್ನು ತಗ್ಗಿಸಿದೆ. ನಾಲ್ಕಡಿ ಐದಿಂಚು.
ಹಿಂದೆ ಜಾಲರಿ ತೋರಿಸಿ
ಹೆಸರಿನ ಜಾಗದಲ್ಲಿ ‘ಹೂಕುಂಡದ ಕಟ್ಟೆ’ ಎಂದು ಬರೆದೆ.
ಮೀನಿನ ಬುಟ್ಟಿಗೆ ಎಂದಿದ್ದರೆ
ಪಾಲಿಕೆ ಏನೆನ್ನುತ್ತಿತ್ತೋ, ಧನಿ ಏನೆನ್ನುತ್ತಿದ್ದರೋ.
ಹೂವಿಗೆ ಬೇಡ ಎನ್ನುವವರಿಲ್ಲ.
ಸಹಿ ಬಿತ್ತು.

ಎರಡು ಮಳೆಗಾಲ ಕಳೆದು ಕಟ್ಟಡ ನಿಂತಿದೆ.
ಮುರಕಲ್ಲಿನ ಬಿಲ್ಲೆ ಮೂರು ಆಗಲೇ ಉದುರಿವೆ.
ಕಟ್ಟೆಯ ಮೇಲೆ ನಿಜವಾಗಿಯೇ ಇಟ್ಟಿದ್ದಾರೆ
ಹೂಕುಂಡ, ನಾಲ್ಕು, ಸಾಲಾಗಿ.
ಅಪ್ಪಿಯಕ್ಕ ಓಣಿಯ ತಿರುವಿನಲ್ಲಿ ಕಂಡರೆ
ಕಾವಲಿನ ಹುಡುಗ,
ಒಡಿಶಾದವನು, ಭಾಷೆ ಬಾರದು, ಮೀನು ಬರುತ್ತದೆ,
ಎರಡು ಕುಂಡ ನೆಲಕ್ಕಿಳಿಸುತ್ತಾನೆ,
ಅವಳು ಹೋದ ಮೇಲೆ ಎತ್ತಿಡುತ್ತಾನೆ.
ಮೂರನೇ ಮಾಳಿಗೆಯಿಂದ ಹಗ್ಗದಲ್ಲಿ ಚೀಲ ಇಳಿಯುತ್ತದೆ,
ಒಳಗೆ ನೂರರ ನೋಟು.

ಇಲ್ಲಿಗೆ ನಿಲ್ಲಿಸಬಹುದಿತ್ತು.
ಮೊನ್ನೆ ಪ್ಯಾಂಟಿನ ಅಂಚು ಮಡಿಸಲು ಕೊಡಲು ಹೋದೆ.
ಹೆನ್ರಿಯೆಟ್ಟಾ ಬಾಯಿಯ ಕೋಣೆಯಲ್ಲಿ ಹೊಸ ಟೇಬಲ್ ಫ್ಯಾನು,
ಕತ್ತರಿಸಿದ ಬಟ್ಟೆಗಳ ಮೇಲೆಲ್ಲ ಕಲ್ಲು.
ಮೂರು ಗಂಟೆ.
ಅವರೇನೂ ಹೇಳಲಿಲ್ಲ. ನೂಲು ಹಲ್ಲಿನಿಂದ ಕಡಿದು
‘ಎಷ್ಟು ತೆಗೆಯಬೇಕು?’ ಎಂದರು.

ಹಳೆಯ ಪುಸ್ತಕದ ಅಂಚಿನಲ್ಲಿ
ಆ ಬಾಣ ಈಗಲೂ ಉಂಟು,
ನಾನೇ ಎಳೆದ ದಪ್ಪ ಗೆರೆಯ ಕಡೆ
ಮೂತಿ ಮಾಡಿಕೊಂಡು.