ಕರಕಲಾದ ಬದಿ

ಚಿಲೋಯೆ ದ್ವೀಪದ ತೆಂಕಣ ತುದಿ, ಕೆಯೋನ್.
ರಸ್ತೆ ಇಲ್ಲಿಗೆ ಮುಗಿಯುತ್ತದೆ, ಆಮೇಲೆ ಬರೀ ನೀರು.
ನಾನು ಇಲ್ಲಿನ ಸೂಲಗಿತ್ತಿ. ಸರ್ಕಾರದ ಸಂಬಳ,
ಹೆಗಲಿಗೆ ಚೀಲ, ಚೀಲದೊಳಗೆ ತಕ್ಕಡಿ,
ಎರಡು ಬಗೆಯ ಫಾರಂ.

ಮೊದಲನೆಯದು ಬಸುರಿಯರಿಗೆ:
ವಾರಕ್ಕೆಷ್ಟು ಸಲ ಮೀನು? ಕಾಳು? ಸೊಪ್ಪು? ಮೊಟ್ಟೆ?
ನೋಲ್ಫಾ ಗುಯೆಂತೆಯೊ ನಕ್ಕಳು, ಏಳು ತಿಂಗಳ ಹೊಟ್ಟೆ ಕುಲುಕಿತು.
"ಕೈಗೋ ಬಾಯಿಗೋ, ಸರಿಯಾಗಿ ಕೇಳಿ.
ಕೈಗಾದರೆ ರಾತ್ರಿ ಪಾಳಿಗೆ ಎಂಟುನೂರು ಹೋಳು ಸಾಲ್ಮನ್."
ಬಾಯಿಗೆ? ಬ್ರೆಡ್ಡು, ಸಕ್ಕರೆ ಸುರಿದ ಟೀ,
ಪಾಳಿ ಮುಗಿಸಿ ಬಂದು ಮತ್ತೆ ಬ್ರೆಡ್ಡು.
"ಆ ವಾಸನೆ ತೊಳೆದರೂ ಕೂದಲು ಬಿಡೋದಿಲ್ಲ.
ತಿನ್ನೋದು ಹೇಗೆ?"

ಅವಳು ಮುಳ್ಳು ಕಿತ್ತ ಕೆಂಪು ಹೋಳುಗಳು
ಐಸಿನಲ್ಲಿ ಮಲಗಿ ವಿಮಾನ ಹತ್ತುತ್ತವೆ,
ಯಾವುದೋ ಊರಿನ ಬಸುರಿಗೆ
ಅವಳ ವೈದ್ಯ ಬರೆದುಕೊಟ್ಟ ಪ್ರಕಾರ.

ನಾನು ಸೊನ್ನೆ ಬರೆದೆ.
ಮೀನಿನ ಕೊಬ್ಬು ಬಾಣಂತಿಯ ಮನಸ್ಸನ್ನು ಕಾಯುತ್ತದೆಂದು
ತರಬೇತಿಯಲ್ಲಿ ಒಬ್ಬರು ಹೇಳಿದ್ದರು. ಮರುವರ್ಷ ಬಂದ ಇನ್ನೊಬ್ಬರು
ಅಷ್ಟು ಖಚಿತವಾಗಿ ಹೇಳಲಾಗದು ಎಂದರು.
ಇಬ್ಬರಿಗೂ ಮಧ್ಯಾಹ್ನ ಸಾಲ್ಮನ್ನೇ ಬಡಿಸಿದ್ದೆವು.
ಊಟ ಬಲ್ಲವಳಿಗೆ ರೋಗವಿಲ್ಲ, ಸರಿ.
ಬಲ್ಲವಳಿಗೆ ಕೂತು ಉಣ್ಣಲು
ಇಪ್ಪತ್ತು ನಿಮಿಷ ಕೊಡುವವರು ಯಾರು?

ಆ ಬೇಸಿಗೆ ಕೆಂಪು ನೀರು ಬಂತು. ಚಿಪ್ಪು ಆಯಬಾರದೆಂದು
ದಂಡೆಯುದ್ದಕ್ಕೂ ಹಲಗೆ ನೆಟ್ಟರು.
ಸೊಸೆಗೆಂದು ಬುಟ್ಟಿ ಹಿಡಿದು ಹೋದ ಅತ್ತೆ ಎದುವಿನಾ
ಹಲಗೆ ಓದಿ, ಉಗಿದು, ಬರಿಬುಟ್ಟಿ ಹೊತ್ತು ಬಂದಳು.

ಎರಡನೆಯ ಫಾರಂ ಹೆತ್ತ ಆರನೇ ವಾರಕ್ಕೆ. ಹತ್ತು ಪ್ರಶ್ನೆ.
ನಗು ಬರುತ್ತದೆಯೆ? "ಮೊದಲಿನಷ್ಟೇ."
ನಿದ್ದೆ? "ಮೊದಲಿನಷ್ಟೇ."
ಮೀನಿನ ಬೆನ್ನು ಸೀಳಿದ ಹಾಗೆ ಒಂದೇ ನೇರಕ್ಕೆ
ಗುರುತು ಹಾಕಿಕೊಂಡು ಹೋದವಳ ಪೆನ್ಸಿಲು
ಕೊನೆಯ ಪ್ರಶ್ನೆಯ ಮೇಲೆ ನಿಂತಿತು.
ನಿಂತೇ ಇತ್ತು.
ಮಗು ಅಳುತ್ತಿತ್ತು. ಪಕ್ಕದ ಮನೆಯದ್ದೇನೋ ಎಂಬಂತೆ
ಅವಳು ಕೇಳಿಸಿಕೊಂಡಳು.
ಒಲೆಯ ಮೇಲೆ ನಿನ್ನೆಯ ಕೋಳಿಸಾರು,
ಜಿಡ್ಡು ಕಟ್ಟಿ, ಸೌಟು ಅದರಲ್ಲೇ ಸಿಕ್ಕಿಕೊಂಡು.

ಇನ್ನೇನು ಕೇಳಲಿ? ಕೇಳುವುದೆಲ್ಲ ಫಾರಮಿನಲ್ಲೇ ಇತ್ತು.
"ಬೆಳಗಿನಿಂದ ಏನೂ ತಿಂದಿಲ್ಲ ನಾನು, ನೋಲ್ಫಾ."
ಸುಳ್ಳಿಗೆ ಸುಳ್ಳು. ಕ್ಯಾಂಟೀನಿನಲ್ಲಿ ಎರಡು ಮೊಟ್ಟೆ ತಿಂದು ಬಂದಿದ್ದೆ.
ಆದರೆ ಈ ದ್ವೀಪದಲ್ಲಿ ಮನೆಗೆ ಬಂದವರನ್ನು
ಹಸಿದ ಹೊಟ್ಟೆಯಲ್ಲಿ ಯಾರೂ ಕಳಿಸುವುದಿಲ್ಲ,
ಸಾಯಬೇಕೆನಿಸಿದವಳೂ ಕಳಿಸುವುದಿಲ್ಲ.

ಎದ್ದಳು. ಆಲೂಗಡ್ಡೆ ತುರಿಯತೊಡಗಿದಳು. ಎರಡು ತುರಿದು
ಮೂರನೆಯದನ್ನು ಅಂಗೈಯಲ್ಲಿಟ್ಟುಕೊಂಡು
ಇದೇನೆಂದು ಮರೆತವಳ ಹಾಗೆ ನಿಂತಳು.
ಉಳಿದದ್ದು ನಾನು ತುರಿದೆ, ಬಟ್ಟೆಯಲ್ಲಿ ಹಿಂಡಿದೆ,
ಹಂದಿಕೊಬ್ಬು ಕಲಸಿ, ತಟ್ಟಿ, ಬಾಣಲೆಗೆ ಬಿಟ್ಟೆ. ಮಿಲ್ಕಾವೊ.
ಒಂದು ಬದಿ ಸೀದುಹೋಯಿತು:
ಅಷ್ಟರಲ್ಲಿ ಅವಳು ಅಳತೊಡಗಿದ್ದಳು,
ನನ್ನ ಕೈ ಬಾಣಲೆಯ ಹತ್ತಿರ ಇರಲಿಲ್ಲ.

ಸಂಜೆಯ ಬಸ್ಸಿಗೆ ಕಾಸ್ತ್ರೋ ಆಸ್ಪತ್ರೆಗೆ ಹೊರಟೆವು,
ಮೂವರು ಹೆಂಗಸರು, ಅತ್ತೆಯ ಶಾಲಿನೊಳಗೊಂದು ಕೂಸು.
ಮಾತ್ರೆ, ಮಾತು, ರಜೆಯ ಚೀಟಿ,
ಅದೆಲ್ಲ ಉದ್ದದ ಕತೆ, ಇನ್ನೂ ಮುಗಿದಿಲ್ಲ.

ಫಾರಮಿನ ಕೆಳಗೆ, ಇಂದು ಸೇವಿಸಿದ ಆಹಾರ
ಎಂಬಲ್ಲಿ ಒಂದಿಂಚಿನ ಜಾಗವಿತ್ತು.
ಅಲುಗುವ ಬಸ್ಸಿನಲ್ಲಿ ಬರೆದೆ:
ಅರ್ಧ ಮಿಲ್ಕಾವೊ.
ಕರಕಲಾದ ಬದಿಯನ್ನು ಕೇಳಿ ಈಸಿಕೊಂಡಳು.